ನದಿ ಕಾಣಿಸದ ನದಿ ದಂಡೆ ಊರು: ಮಿಸೌರಿಯ ಸೇಂಟ್ ಜೆನೆವೀವ್ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಸೇಂಟ್ ಜೆನೆವೀವ್‌ಗೆ ಹೋಗೋದಾದ್ರೆ ಒಂದು ರಾತ್ರಿ ಉಳ್ಕೊಳ್ಳೋ ಪ್ಲಾನ್ ಹಾಕ್ಕೊಂಡೇ ಹೋಗಿ. ಸೇಂಟ್ ಲೂಯಿಸ್‌ನಿಂದ ದಕ್ಷಿಣಕ್ಕೆ ಸುಮಾರು 60 ಮೈಲಿ, ಒಂದು ಗಂಟೆ ಡ್ರೈವ್ ಅಷ್ಟೇ, ಹಾಗಾಗಿ ಬೆಳಗ್ಗೆ ಹೋಗಿ ಊಟ ಮಾಡಿ ಸಂಜೆ ವಾಪಸ್ ಬರೋರೇ ಜಾಸ್ತಿ, ಬಂದ್ಮೇಲೆ "ಊರು ಮುದ್ದಾಗಿದೆ, ಆದ್ರೆ ನೋಡೋಕೇನಿಲ್ಲ, ಮಿಸಿಸಿಪ್ಪಿ ದಂಡೆ ಊರು ಅಂತಾರೆ ನದಿನೇ ಕಾಣಲ್ಲ" ಅಂತ ಮೂರು ಸ್ಟಾರ್ ಕೊಟ್ಟು ಕೈ ತೊಳ್ಕೊತಾರೆ. ಇಂಥ ರಿವ್ಯೂ ನೋಡ್ದಾಗೆಲ್ಲ ನಂಗೆ ಬೇಜಾರಾಗುತ್ತೆ. ನದಿ ಕಾಣಲ್ಲ ಅನ್ನೋದು ನಿಜ. ಆದ್ರೆ ಆ ಊರು ಈಗ ಇರೋ ಜಾಗದಲ್ಲಿ ಇರೋದೇ ನದಿಯಿಂದ, ಹೊಲಗಳು ಹಾಗೆ ಉದ್ದುದ್ದಕ್ಕೆ ಇರೋದೂ ನದಿಯಿಂದ, ಊರಿಗೂ ನೀರಿಗೂ ಮಧ್ಯೆ ಅಷ್ಟೆತ್ತರದ ಮಣ್ಣಿನ ಏರಿ ಇರೋದೂ ನದಿಯಿಂದ. ಅದನ್ನ ಹುಡುಕ್ಕೊಂಡು ಹೋದ್ರೆ ಇದು ನನ್ನ ಲೆಕ್ಕದಲ್ಲಿ ಮಿಸೌರಿಯಲ್ಲೇ ಬೆಸ್ಟ್ ವೀಕೆಂಡ್. ನಾನು ಐದು ಸ್ಟಾರ್ ಕೊಡ್ತೀನಿ, ಊಟಕ್ಕೆ ಮಾತ್ರ ಮೂರು, ಅದ್ಯಾಕೆ ಅಂತ ಮುಂದೆ ಹೇಳ್ತೀನಿ.

ಹೋಗೋ ದಾರಿ ಸುಲಭ. ಐ-55 ಹಿಡಿದು 150ನೇ ಎಕ್ಸಿಟ್‌ನಲ್ಲಿ ಇಳಿದು ಹೈವೇ 32ರಲ್ಲಿ ಪೂರ್ವಕ್ಕೆ ಬಂದ್ರೆ ಊರೊಳಗೇ ತಂದು ಬಿಡುತ್ತೆ. ಕಾರ್ ಇಲ್ದೇ ಇದ್ರೆ ಕಷ್ಟ. ರೈಲು ಹಳಿ ಊರ ಪಕ್ಕದಲ್ಲೇ ಹೋಗುತ್ತೆ ಆದ್ರೆ ಅದ್ರಲ್ಲಿ ಓಡೋದು ಗೂಡ್ಸ್ ಗಾಡಿಗಳು, ರಾತ್ರಿ ಹಾರ್ನ್ ಕೇಳುತ್ತೆ, ನಿದ್ದೆ ತೆಳ್ಳಗಿರೋರು ಹತ್ತಿ ಇಟ್ಕೊಂಡು ಹೋಗಿ. ಜನಸಂಖ್ಯೆ 5,000 ಹತ್ರ. ಊರು ಹತ್ರ ಬರ್ತಿದ್ದಂಗೆ ಲಾರಿಗಳು ಜಾಸ್ತಿ ಆಗ್ತವೆ, ಯಾಕಂದ್ರೆ ಅಲ್ಲಿ ನೆಲದಡಿ ಇರೋ ಸುಣ್ಣದ ಕಲ್ಲು ತುಂಬಾ ಶುದ್ಧವಾದದ್ದು, ಕ್ವಾರಿ, ಸುಣ್ಣದ ಫ್ಯಾಕ್ಟರಿ ಎಲ್ಲ ಇವತ್ತೂ ಜೋರಾಗಿ ನಡೀತಿವೆ. ಟೂರಿಸ್ಟ್‌ಗಳು ಇದನ್ನ ಕಂಪ್ಲೇಂಟ್ ಥರ ಬರೀತಾರೆ. ನಂಗೆ ಇದು ಪ್ಲಸ್ ಪಾಯಿಂಟ್ ಅನ್ಸುತ್ತೆ, ಈ ಊರಿನವ್ರಿಗೆ ಬೇರೆ ಕೆಲ್ಸ ಇದೆ, ನಮ್ಮನ್ನೇ ನಂಬ್ಕೊಂಡು ಬದುಕ್ತಿಲ್ಲ, ಅದಕ್ಕೇ ಅಂಗಡಿಯವ್ರು ಯಾರೂ ಮೈಮೇಲೆ ಬಿದ್ದು ಮಾರಲ್ಲ, ನಿಂತ್ಕೊಂಡು ಮಾತಾಡ್ಸ್ತಾರೆ.

ಊರಿಗೆ ಹೋದ ತಕ್ಷಣ ಮೇನ್ ಸ್ಟ್ರೀಟ್‌ನಲ್ಲಿರೋ ವೆಲ್ಕಮ್ ಸೆಂಟರ್‌ಗೆ ಹೋಗಿ. ಇದೊಂದು ಮಾತ್ರ ಸ್ಕಿಪ್ ಮಾಡ್ಬೇಡಿ ಪ್ಲೀಸ್, ಯಾಕಂದ್ರೆ ಇಲ್ಲಿ ಹಳೇ ಮನೆಗಳ ಓನರ್‌ಶಿಪ್ ಸ್ವಲ್ಪ ಗೊಂದಲ. ಕೆಲವು ಮನೆ ನ್ಯಾಷನಲ್ ಪಾರ್ಕ್ ಸರ್ವೀಸ್ ಕೈಯಲ್ಲಿವೆ, 2018ರಲ್ಲಿ ಕಾನೂನು ಪಾಸಾಗಿ 2020ರ ಅಕ್ಟೋಬರ್‌ನಲ್ಲಿ ಸೇಂಟ್ ಜೆನೆವೀವ್ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್ ಅಂತ ಅಧಿಕೃತವಾಗಿ ಶುರುವಾಯ್ತು. ಫೆಲಿಕ್ಸ್ ವ್ಯಾಲೆ ಮನೆ ಮಿಸೌರಿ ರಾಜ್ಯದ್ದು. ಬೊಲ್ಡಕ್ ಮನೆ ಇನ್ನೊಂದು ಸಂಸ್ಥೆದು. ಹೀಗಾಗಿ ಟಿಕೆಟ್ ಬೇರೆ ಬೇರೆ, ಟೂರ್ ಟೈಮ್ ಬೇರೆ ಬೇರೆ, ರಜೆ ದಿನಾನೂ ಬೇರೆ ಬೇರೆ. ಒಂದ್ ಕಡೆ ದುಡ್ಡು ಕೊಟ್ರೆ ಎಲ್ಲಾ ಕಡೆ ಒಳಗೆ ಬಿಡ್ತಾರೆ ಅಂತ ಅಂದ್ಕೊಂಡು ಬಂದ ಒಂದು ಫ್ಯಾಮಿಲಿ ಬಾಗಿಲ ಹತ್ರ ಸಿಟ್ಟಾಗಿ ನಿಂತಿದ್ದನ್ನ ನೋಡ್ದೆ, ಪಾಪ ಅವ್ರ ತಪ್ಪೇನಲ್ಲ, ಇದನ್ನ ಎಲ್ರೂ ಸೇರಿ ಒಂದೇ ಪಾಸ್ ಮಾಡಿದ್ರೆ ಎಷ್ಟು ಚೆನ್ನಾಗಿರುತ್ತೆ. ಅಲ್ಲೀವರೆಗೂ ಸೆಂಟರ್‌ನಲ್ಲಿ ಕೂತಿರೋರ್ನ ಕೇಳಿ, ಮ್ಯಾಪ್ ಮೇಲೆ ಪೆನ್ನಲ್ಲಿ ಟೈಮ್ ಬರೆದು ಕೊಡ್ತಾರೆ, ಯಾವುದು ಮೊದ್ಲು ಯಾವುದು ಆಮೇಲೆ ಅಂತ ಅವ್ರೇ ಜೋಡಿಸ್ತಾರೆ. ತಾಳ್ಮೆ ಅಂದ್ರೆ ಅವ್ರದ್ದು.

ಈಗ ಮನೆಗಳ ವಿಷ್ಯ. ಸೇಂಟ್ ಜೆನೆವೀವ್ ಮಿಸೌರಿಯ ಅತ್ಯಂತ ಹಳೇ ಶಾಶ್ವತ ಯುರೋಪಿಯನ್ ಊರು, 1700ರ ದಶಕದ ಮಧ್ಯದಲ್ಲಿ ನದಿಯ ಆ ಕಡೆ ಇಲಿನಾಯ್ ಸೀಮೆಯಿಂದ ಬಂದ ಫ್ರೆಂಚ್ ಕೆನಡಿಯನ್‌ಗಳು ಕಟ್ಟಿದ್ದು. ಅವ್ರು ಬಂದಿದ್ದು ಒಳ್ಳೇ ಮಣ್ಣು ಇತ್ತು ಅಂತ, ಹತ್ರದ ಸಲೀನ್ ಕ್ರೀಕ್‌ನಲ್ಲಿ ಉಪ್ಪು ಸಿಗ್ತಿತ್ತು ಅಂತ, ಪಶ್ಚಿಮದ ಗುಡ್ಡಗಳಲ್ಲಿ ಸೀಸದ ಗಣಿ ಇತ್ತು ಅಂತ. ಅಮೆರಿಕದಲ್ಲಿ ಮರದ ದಿಮ್ಮಿ ಮನೆ ಅಂದ್ರೆ ದಿಮ್ಮಿ ಅಡ್ಡಡ್ಡ ಮಲಗಿಸಿ ಒಂದರ ಮೇಲೊಂದು ಪೇರಿಸಿರೋದು ನೋಡಿರ್ತೀವಿ ಅಲ್ವಾ, ಇಲ್ಲಿ ಹಾಗಲ್ಲ, ದಿಮ್ಮಿಗಳು ನಿಂತಿರ್ತವೆ. ಒಂದು ಬಗೆಯಲ್ಲಿ ಉದ್ದಕ್ಕೆ ಕಾಲುವೆ ಥರ ಅಗೆದು ಕೆತ್ತಿದ ಕಂಬಗಳನ್ನ ಸಾಲಾಗಿ ನೇರ ಮಣ್ಣಿನಲ್ಲೇ ಹೂತು ನಿಲ್ಸಿರ್ತಾರೆ, ಅದಕ್ಕೆ ಪೊತೋ ಆಂ ತೇರ್ ಅಂತಾರೆ. ಇನ್ನೊಂದು ಬಗೆಯಲ್ಲಿ ಕಲ್ಲಿನ ಅಡಿಪಾಯದ ಮೇಲೆ ದಪ್ಪ ತೊಲೆ ಮಲಗಿಸಿ ಅದ್ರ ಮೇಲೆ ಕಂಬ ಕಚ್ಚಿಸಿರ್ತಾರೆ. ಮೊದಲನೇ ಬಗೆ ಮನೆ ಇಡೀ ಉತ್ತರ ಅಮೆರಿಕದಲ್ಲಿ ಬೆರಳಲ್ಲಿ ಎಣಿಸೋ ಅಷ್ಟು ಉಳ್ದಿವೆ, ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಇದೊಂದೇ ಸಣ್ಣ ಊರಲ್ಲಿವೆ.

ಬೊಲ್ಡಕ್ ಮನೆ ಎರಡನೇ ಬಗೆದು, ಟೂರ್ ತಗೊಳ್ಳೋದಾದ್ರೆ ಮೊದ್ಲು ಅದನ್ನೇ ತಗೊಳ್ಳಿ. ಗೈಡ್ ಒಳಗೆ ಕರೆಯೋಕೆ ಮುಂಚೆ ಸುತ್ತಲೂ ಇರೋ ಜಗಲಿ ಮೇಲೆ ನಿಂತು ಗೋಡೆ ಹತ್ರ ಹೋಗಿ ನೋಡಿ. ಕಂಬ, ಬಿಳೀ ಪಟ್ಟಿ, ಕಂಬ, ಬಿಳೀ ಪಟ್ಟಿ, ಹಾಗೇ ಮೂಲೆವರೆಗೂ. ಆ ಬಿಳೀ ಪಟ್ಟಿ ಅಂದ್ರೆ ಎರಡು ಕಂಬದ ಸಂದಿಗೆ ಜೇಡಿಮಣ್ಣು ಹುಲ್ಲು ಕಲಸಿ, ಕೆಲವು ಮನೆಗಳಲ್ಲಿ ಕಲ್ಲು ಸುಣ್ಣ ಸೇರಿಸಿ ತುಂಬಿರೋದು, ಮೇಲೆ ಸುಣ್ಣ ಬಳಿದಿರ್ತಾರೆ. ಮರದ ಮೇಲೆ ಕೆತ್ತಿದ ಏಟು ಸಾಲಾಗಿ ಇಳಿಜಾರಾಗಿ ಕೂತಿವೆ, ಒಂದೊಂದು ಏಟಿನ ಮಧ್ಯೆ ಅಂತರ ಒಂದೇ ಅಳತೆ, ಕೆಲ್ಸ ಗೊತ್ತಿದ್ದ ಕೈ ಅದು. ಒಳಗೆ ಹೋದ್ರೆ ಮಧ್ಯಾಹ್ನದ ಬಿಸಿಲಲ್ಲೂ ತಣ್ಣಗಿರುತ್ತೆ, ಗೋಡೆ ದಪ್ಪ, ಜಗಲಿ ಅಗಲ, ಛಾವಣಿ ಕಡಿದಾಗಿ ಎತ್ತರಕ್ಕೆ ಹೋಗಿರುತ್ತೆ. ಛಾವಣಿ ಹೊತ್ತಿರೋ ತೊಲೆಗಳು ಒಂದಕ್ಕೊಂದು ಕಚ್ಚಿಸಿ ಮರದ ಗೂಟ ಬಡಿದು ಕೂರಿಸಿರೋವು, ಇಂಥದ್ದು ಫ್ರಾನ್ಸ್‌ನ ನಾರ್ಮಂಡಿ ಕಡೆ ಪದ್ಧತಿ. ನನ್ನ ಮಗಳು ಈ ಮನೆ ಎಷ್ಟು ಹಳೇದು ಅಂತ ನಿಮ್ಗೆ ಹೇಗೆ ಗೊತ್ತು ಅಂತ ಗೈಡ್‌ನ ಕೇಳಿದ್ಲು, ಅವ್ರು ಖುಷಿಯಾಗಿ ಟೂರ್ ನಿಲ್ಸಿ ಉತ್ತರ ಕೊಟ್ರು. ಮುಂಚೆ 1770ರದ್ದು ಅಂತೆಲ್ಲ ಹೇಳ್ತಿದ್ರಂತೆ, ಆಮೇಲೆ ಕಂಬಗಳಿಂದ ತೆಳ್ಳಗೆ ಸ್ಯಾಂಪಲ್ ಕೊರೆದು ತೆಗೆದು ಮರದ ವರ್ಷದ ಉಂಗುರ ಎಣಿಸಿದ್ಮೇಲೆ ಮರ ಕಡಿದಿದ್ದೇ 1790ರ ಆಸುಪಾಸಲ್ಲಿ ಅಂತ ಗೊತ್ತಾಯ್ತು, ಈಗ ಬೊಲ್ಡಕ್ ಮನೆಗೆ 1792-93 ಅಂತ ಹಾಕಿದ್ದಾರೆ. ಹಳೇದು ಅನ್ನಿಸ್ಕೊಳ್ಳೋ ಹೆಮ್ಮೆ ಬಿಟ್ಟು ಸರಿಯಾದ ವರ್ಷ ಬೋರ್ಡ್ ಮೇಲೆ ಬರೆದಿದ್ದಾರಲ್ಲ, ಅದಕ್ಕೇ ಈ ಜಾಗದ ಮೇಲೆ ನಂಗೆ ಗೌರವ ಜಾಸ್ತಿ ಆಯ್ತು.

ಅಮೂರೊ ಮನೆ ಊರ ಅಂಚಿನಲ್ಲಿ ಸೇಂಟ್ ಮೇರಿಸ್ ರೋಡ್ ಮೇಲಿದೆ, ಇದು ಪಾರ್ಕ್ ಸರ್ವೀಸ್‌ದು, ದುಡ್ಡಿಲ್ಲ. 1792ರ ಮನೆ, ಕಂಬಗಳು ನೇರ ನೆಲದಲ್ಲೇ ಹೂತಿರೋ ಬಗೆ, ಅದೂ ಸೀಡರ್ ಮರ, ಬೇಗ ಕೊಳೆಯಲ್ಲ ಗೆದ್ದಲು ಹಿಡಿಯಲ್ಲ ಅಂತ. ಆದ್ರೆ ಇಲ್ಲಿ ನನ್ನನ್ನ ಹಿಡಿದು ನಿಲ್ಸಿದ್ದು ಮರ ಅಲ್ಲ, ಪೆಲಾಜಿ ಅಮೂರೊ ಅನ್ನೋ ಹೆಣ್ಣುಮಗಳ ಕಥೆ. ಗುಲಾಮಳಾಗಿ ಹುಟ್ಟಿದವ್ರು, ಆಮೇಲೆ ಬಿಡುಗಡೆ ಸಿಕ್ತು, ಗಂಡ ಬೆಂಜಮಿನ್ ಅಮೂರೊ ಫ್ರಾನ್ಸ್‌ನಿಂದ ಬಂದ ಬಿಳಿಯ. ಆ ಕಾಲದ ಮಿಸೌರಿ ಇಂಥ ಮದುವೆನ ಒಪ್ತಿರ್ಲಿಲ್ಲ, 1835ರ ನಂತರ ಸ್ವತಂತ್ರ ಕಪ್ಪು ಜನ ರಾಜ್ಯದಲ್ಲಿ ಇರ್ಬೇಕು ಅಂದ್ರೆ ಲೈಸೆನ್ಸ್ ಬೇರೆ ತಗೋಬೇಕಿತ್ತು. ಅಂಥ ಊರಲ್ಲಿ ಅವ್ರು ಈ ಮನೆ ಕೊಂಡ್ಕೊಂಡು ಅಂಗಡಿ ನಡೆಸಿ ಮಕ್ಕಳನ್ನ ಬೆಳೆಸಿದ್ರು. ಫ್ರೆಂಚ್ ಸೇಂಟ್ ಜೆನೆವೀವ್ ಅಂದ್ರೆ ಲೇಸು, ವೈನು, ಹಳೇ ಪೀಠೋಪಕರಣ ಅಂತ ಚಂದ ಮಾಡಿ ಹೇಳಿ ಮುಗಿಸೋದು ಸುಲಭ. ಆ ಹೊಲ ಉತ್ತಿದ್ದು, ಉಪ್ಪು ಕುದಿಸಿದ್ದು, ಸೀಸ ಅಗೆದಿದ್ದು ಬಹಳ ಮಟ್ಟಿಗೆ ಗುಲಾಮ ಜನ, ಕೆಲವ್ರು ಆಫ್ರಿಕಾ ಮೂಲದವ್ರು, ಮೊದಮೊದಲು ಇಲ್ಲಿನ ಮೂಲನಿವಾಸಿಗಳೂ ಇದ್ರು. ನಮ್ಮ ರೇಂಜರ್ ಇದನ್ನ ಮುಚ್ಚಿಡಲಿಲ್ಲ, ತೇಲಿಸಿಯೂ ಹೇಳ್ಲಿಲ್ಲ, ಆ ಅಂಗಡಿ ಇದ್ದ ಕೋಣೆಯಲ್ಲೇ ನಿಂತು ನಿಧಾನವಾಗಿ ಹೇಳಿದ್ರು, ಗುಂಪಿನಲ್ಲಿದ್ದ ಒಬ್ಬ ವಯಸ್ಸಾದವ್ರು ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ತಾನೇ ಇದ್ರು, ಯಾರೂ ಅವಸರ ಮಾಡ್ಲಿಲ್ಲ. ಇಡೀ ಟ್ರಿಪ್‌ನಲ್ಲಿ ಒಂದೇ ಒಂದು ಟೂರ್‌ಗೆ ಟೈಮ್ ಇದೆ ಅಂದ್ರೆ ಇದನ್ನೇ ಮಾಡಿ.

ಫೆಲಿಕ್ಸ್ ವ್ಯಾಲೆ ಮನೆ 1818ರದ್ದು, ಕಲ್ಲಿನ ಕಟ್ಟಡ, ಅಷ್ಟೊತ್ತಿಗೆ ಈ ಸೀಮೆ ಅಮೆರಿಕಕ್ಕೆ ಸೇರಿ ಆಗಿತ್ತು, ಹಾಗಾಗಿ ಶೈಲಿನೂ ಅಮೆರಿಕನ್. ಒಳಗೆ ಮೆನಾರ್ಡ್ ಮತ್ತು ವ್ಯಾಲೆ ಅನ್ನೋ ವ್ಯಾಪಾರಿ ಸಂಸ್ಥೆಯ ಅಂಗಡಿನ ಹಾಗೇ ಜೋಡಿಸಿಟ್ಟಿದ್ದಾರೆ, ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ. ಒಂದು ವಿಷ್ಯ ತಲೇಲಿಟ್ಕೊಳ್ಳಿ, ಈ ಊರು 1760ರ ದಶಕದಿಂದ 1803ರವರೆಗೂ ಹೆಸರಿಗೆ ಸ್ಪೇನ್ ಆಡಳಿತದಲ್ಲಿತ್ತು. ಆದ್ರೆ ಜನ ಮಾತಾಡಿದ್ದು ಫ್ರೆಂಚು, ಮನೆ ಕಟ್ಟಿದ್ದು ಫ್ರೆಂಚ್ ಥರ, ಹೊಸ ವರ್ಷದ ಹಿಂದಿನ ರಾತ್ರಿ ವೇಷ ಹಾಕ್ಕೊಂಡು ಮನೆ ಮನೆ ಮುಂದೆ ಹಾಡ್ಕೊಂಡು ಹೋಗೋ ಫ್ರೆಂಚ್ ಪದ್ಧತಿ ಇವತ್ತಿಗೂ ನಿಂತಿಲ್ಲ. ಮೆಮೋರಿಯಲ್ ಸಿಮೆಟ್ರಿಗೂ ಒಂದು ಸುತ್ತು ಹೋಗ್ಬನ್ನಿ, ಹಳೇ ಕಲ್ಲುಗಳ ಮೇಲೆ ಫ್ರೆಂಚ್ ಅಕ್ಷರ ಇನ್ನೂ ಓದೋಕಾಗುತ್ತೆ. ಊರ ಮಧ್ಯದ ಕ್ಯಾಥೊಲಿಕ್ ಚರ್ಚು 1880ರದ್ದು, ಬಾಗಿಲು ತೆಗೆದಿದ್ರೆ ಒಳಗೆ ಕೂತು ಬನ್ನಿ, ಬಣ್ಣದ ಗಾಜು ಚೆನ್ನಾಗಿದೆ. 1800ರ ದಶಕದ ಮಧ್ಯಕ್ಕೆ ಜರ್ಮನ್ನರು ಬಂದ್ರು, ಇಟ್ಟಿಗೆ ಮನೆಗಳಲ್ಲಿ ಬಹಳಷ್ಟು ಅವ್ರವು.

ಊಟದ ವಿಷ್ಯಕ್ಕೆ ಬರ್ತೀನಿ. ಮಾಂಸ ತಿನ್ನೋರಿಗೆ ತೊಂದ್ರೆ ಇಲ್ಲ, ಜರ್ಮನ್ ಕಾಲದಿಂದ ಬಂದಿರೋ ಲಿವರ್ ಹಾಕಿ ಮಾಡೋ ಡಂಪ್ಲಿಂಗ್ ಈ ಊರಿನ ಸ್ಪೆಷಲ್, ನಮ್ಮ ಯಜಮಾನ್ರು ತಿಂದು ಚೆನ್ನಾಗಿದೆ ಅಂದ್ರು, ಫ್ರೈಡ್ ಚಿಕನ್ನೂ ಚೆನ್ನಾಗಿತ್ತಂತೆ. ವೆಜಿಟೇರಿಯನ್‌ಗಳಿಗೆ ಮಾತ್ರ ಸಲಾಡು, ಚೀಸ್ ಪಿಜ್ಜಾ, ಪಾಸ್ತಾ, ಮತ್ತೆ ಅದೇ ಸಲಾಡು. ಸೂಪ್ ಕೇಳೋವಾಗ ಸ್ಟಾಕ್ ಯಾವುದ್ರದ್ದು ಅಂತ ಕೇಳ್ಲೇಬೇಕು. ಒಂದು ಹೋಟೆಲ್‌ನಲ್ಲಿ ಬಾಗಿಲ ಮೇಲೆ ಒಂದು ಟೈಮು, ಫೋನಲ್ಲಿ ಇನ್ನೊಂದು ಟೈಮು, ಹೋದ್ರೆ ಕಿಚನ್ ಕ್ಲೋಸು, ಮಗು ಕಟ್ಕೊಂಡು ಮತ್ತೆ ಇನ್ನೊಂದು ಕಡೆ ಅಲೀಬೇಕಾಯ್ತು. ಸಣ್ಣ ಊರು, ಕೆಲ್ಸಕ್ಕೆ ಜನ ಸಿಗಲ್ಲ, ಅದೆಲ್ಲ ಅರ್ಥ ಆಗುತ್ತೆ, ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿದ್ರೆ ಸಾಕಿತ್ತು ಅಷ್ಟೇ. ಸಂಜೆ ಎಂಟರ ಮೇಲೆ ಊಟ ಸಿಗುತ್ತೆ ಅಂತ ನಂಬ್ಕೋಬೇಡಿ. ಐಸ್‌ಕ್ರೀಮ್ ಮಾತ್ರ ಭರ್ಜರಿ. ವೈನ್ ಕುಡಿಯೋರಿಗೆ ಪಶ್ಚಿಮದ ಗುಡ್ಡಗಳಲ್ಲಿ ವೈನರಿಗಳ ಒಂದು ರೂಟೇ ಇದೆ, ನಾವು ಆ ಕಡೆ ಹೋಗ್ಲಿಲ್ಲ.

ಉಳ್ಕೊಳ್ಳೋಕೆ ಹಳೇ ಮನೆಗಳನ್ನೇ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮಾಡಿದ್ದಾರೆ. ನಾವಿದ್ದ ಕಡೆ ಮೆಟ್ಲು ಎಷ್ಟು ಕಡಿದಾಗಿತ್ತು ಅಂದ್ರೆ ಮಂಡಿ ನೋವಿರೋರು ಬಂದ್ರೆ ಕಷ್ಟ, ಬುಕ್ ಮಾಡೋವಾಗ್ಲೇ ನೆಲಮಹಡಿ ರೂಮ್ ಕೇಳ್ಕೊಳ್ಳಿ. ಬಿಸಿನೀರು, ಹಾಸಿಗೆ ಎಲ್ಲ ನೀಟ್. ಬೆಳಗ್ಗೆ ತಿಂಡಿ ಕೊಡೋವಾಗ ಓನರ್ ಅಮ್ಮ ಕೂತ್ಕೊಂಡು 1993ರ ನೆರೆ ಬಗ್ಗೆ ಹೇಳಿದ್ರು, ಆವಾಗ ಅವ್ರೂ ಮರಳು ಚೀಲ ತುಂಬೋಕೆ ಹೋಗಿದ್ರಂತೆ. ನನ್ನ ಪ್ರಕಾರ ಈ ಊರಲ್ಲಿ ರಾತ್ರಿ ಉಳಿಯೋದ್ರಿಂದ ಸಿಗೋ ದೊಡ್ಡ ಲಾಭ ಇದೇ, ಡೇ ಟ್ರಿಪ್‌ನೋರಿಗೆ ಯಾರೂ ಇಷ್ಟೊತ್ತು ಕೂತು ಮಾತಾಡಲ್ಲ.

ಆ ತಿಂಡಿ ಟೇಬಲ್ ಮಾತು ಕೇಳಿದ್ಮೇಲೇ ನಮ್ಗೆ ಊರು ಸರಿಯಾಗಿ ಕಾಣೋಕೆ ಶುರುವಾಗಿದ್ದು. ಮೊದಲ ಊರು ಈಗಿರೋ ಜಾಗದಲ್ಲಿ ಇರ್ಲೇ ಇಲ್ಲ. ಎರಡು ಮೂರು ಮೈಲಿ ದಕ್ಷಿಣಕ್ಕೆ, ನದಿ ಪಕ್ಕದ ತಗ್ಗು ನೆಲದಲ್ಲಿ ಇತ್ತು. 1785ರಲ್ಲಿ ಬಂದ ನೆರೆಗೆ ಇಡೀ ಊರು ಮುಳುಗ್ತು, ಅವ್ರು ಆ ವರ್ಷವನ್ನ ದೊಡ್ಡ ನೀರಿನ ವರ್ಷ ಅಂತಲೇ ಕರೀತಿದ್ರು. ಅದಾದ್ಮೇಲೆ ಒಂದೊಂದೇ ಕುಟುಂಬ ಎತ್ತರದ ಜಾಗಕ್ಕೆ, ಗಬೂರಿ ಅನ್ನೋ ಹಳ್ಳದ ಎರಡು ಕವಲುಗಳ ಮಧ್ಯಕ್ಕೆ ಬಂದು ಕೂತ್ಕೊಂಡ್ರು. ಈಗ ನಾವು ನೋಡೋ ಹಳೇ ಕಂಬದ ಮನೆಗಳಲ್ಲಿ ಬಹಳಷ್ಟು 1790ರ ಸುತ್ತಮುತ್ತ ಅಂತ ಬರೋದು ಅದಕ್ಕೇ. ಮನೆ ಮೇಲಕ್ಕೆ ಬಂತು, ಹೊಲ ಮಾತ್ರ ಕೆಳಗೇ ಉಳೀತು. ಅಮೂರೊ ಮನೆ ಜಗಲಿ ಮೇಲೆ ನಿಂತು ರೋಡ್ ಆಚೆ ನೋಡಿದ್ರೆ ಚಪ್ಪಟೆಯಾಗಿ ಕಣ್ಣು ಹಾಯೋವರೆಗೂ ಇರೋದೇ ಆ ಹೊಲ, ದೊಡ್ಡ ಹೊಲ ಅಂತಲೇ ಅದ್ರ ಹೆಸರು. ಗುಡ್ಡದ ಬುಡದಿಂದ ನದಿ ಕಡೆಗೆ ಉದ್ದುದ್ದ ಪಟ್ಟಿಗಳಾಗಿ ಹಂಚಿದ್ರು, ಅಗಲನ ಆರ್ಪೆಂಟ್ ಅನ್ನೋ ಫ್ರೆಂಚ್ ಅಳತೆಯಲ್ಲಿ ಅಳೀತಿದ್ರು, ಒಂದು ಆರ್ಪೆಂಟ್ ಅಂದ್ರೆ ಸುಮಾರು 192 ಅಡಿ. ಎಲ್ರಿಗೂ ಸೇರಿ ಒಂದೇ ಬೇಲಿ. ನಿಮ್ಮ ಪಟ್ಟಿ ಎದುರಿನ ಬೇಲಿ ಕೆಟ್ರೆ ನೀವೇ ಸರಿ ಮಾಡ್ಬೇಕು, ಇಲ್ಲಾಂದ್ರೆ ದನ ನುಗ್ಗಿ ಎಲ್ರ ಬೆಳೆನೂ ಹಾಳು. ಆ ಪಟ್ಟಿಗಳಲ್ಲಿ ಇವತ್ತೂ ಮೆಕ್ಕೆಜೋಳ, ಸೋಯಾ ಬೆಳೀತಾರೆ. ನಾವು ನಿಂತಿದ್ದಾಗ ಒಂದು ಟ್ರಾಕ್ಟರ್ ಒಂದೇ ಗೆರೆಯಲ್ಲಿ ಹೋಗ್ತಾ ಹೋಗ್ತಾ ಸಣ್ಣದಾಗಿ ಚುಕ್ಕಿ ಆಯ್ತು, ಮತ್ತೆ ತಿರುಗಿ ಬರೋಕೆ ಎಷ್ಟೋ ಹೊತ್ತು ಹಿಡೀತು, ಪಟ್ಟಿ ಎಷ್ಟುದ್ದ ಅಂತ ಆಗ ಗೊತ್ತಾಯ್ತು.

ಮತ್ತೆ 1993. ಆ ಬೇಸಿಗೆ ನೆರೆ ಅಮೆರಿಕದ ಇತಿಹಾಸದಲ್ಲೇ ದೊಡ್ಡದ್ರಲ್ಲಿ ಒಂದು, ಸೇಂಟ್ ಲೂಯಿಸ್ ಗೇಜ್‌ನಲ್ಲಿ ಆಗಸ್ಟ್ 1ಕ್ಕೆ ನೀರು 49.58 ಅಡಿ ಮುಟ್ತು, ಅಲ್ಲಿ 30 ಅಡಿ ದಾಟಿದ್ರೇ ಪ್ರವಾಹ ಅಂತ ಲೆಕ್ಕ. ಸೇಂಟ್ ಲೂಯಿಸ್ ಕೆಳಗೆ ಮಿಸಿಸಿಪ್ಪಿಗೆ ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ಹಡಗು ದಾಟಿಸೋ ಕಟ್ಟೆ) ಇಲ್ಲ, ಅಣೆಕಟ್ಟು ಇಲ್ಲ, ಗ್ರಾನೈಟ್ ಸಿಟಿ ಹತ್ರ ಇರೋ 27ನೇ ಲಾಕೇ ಕೊನೇದು, ಅಲ್ಲಿಂದ ಸಮುದ್ರದವರೆಗೂ ನದಿ ತನ್ನ ಪಾಡಿಗೆ ಏರುತ್ತೆ ಇಳಿಯುತ್ತೆ. ಜೊತೆಗೆ ಸೇಂಟ್ ಲೂಯಿಸ್‌ಗಿಂತ ಸ್ವಲ್ಪ ಮೇಲೆ ಮಿಸೌರಿ ನದಿ ತನ್ನ ಕೆಸರಿನ ಸಮೇತ ಬಂದು ಸೇರ್ಕೊಂಡಿರುತ್ತೆ. ಸೇಂಟ್ ಜೆನೆವೀವ್‌ನಲ್ಲಿ ಊರಿನವ್ರು, ನ್ಯಾಷನಲ್ ಗಾರ್ಡ್, ಎಲ್ಲಿಂದೆಲ್ಲಿಂದಲೋ ಬಂದ ವಾಲಂಟಿಯರ್‌ಗಳು ಸೇರಿ ಏರಿ ಎತ್ತರಿಸ್ತಾನೇ ಹೋದ್ರು, ಕೆಲವು ರಸ್ತೆ, ಮನೆ ಮುಳುಗಿದ್ವು, ಹಳೇ ಮನೆಗಳ ತಿರುಳು ಭಾಗ ಉಳೀತು. ಅದಾದ್ಮೇಲೇ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ನವ್ರು ಈಗಿರೋ ದೊಡ್ಡ ಏರಿ ಕಟ್ಟಿದ್ದು. ನದಿ ಕಾಣಲ್ಲ ಅಂತ ಬೈಯೋರು ಈ ಏರಿ ಹತ್ರ ಒಂದು ಸಲ ನಿಂತ್ಕೋಬೇಕು. ಅದು ಇಲ್ದೇ ಹೋಗಿದ್ರೆ ಬೊಲ್ಡಕ್ ಮನೆ ಜಗಲಿ ಮೇಲೆ ನಿಲ್ಲೋ ಭಾಗ್ಯ ನಮ್ಮ ಮಕ್ಕಳಿಗೆ ಇರುತ್ತೆ ಅಂತ ಯಾರು ಹೇಳೋಕಾಗುತ್ತೆ.

ನದಿನ ಕಣ್ಣಾರೆ ನೋಡೋಕೆ ಫೆರ್ರಿ ಹತ್ತಿ. ಊರಿಂದ ಸ್ವಲ್ಪ ಹೊರಗೆ ಹೋದ್ರೆ ರೋಡ್ ಸೀದಾ ನೀರಿಗೆ ಇಳಿದು ಮುಗಿಯುತ್ತೆ, ಅಲ್ಲಿಂದ ಕಾರ್ ಸಮೇತ ಆಚೆ ಇಲಿನಾಯ್‌ನ ಮೊಡಾಕ್ ದಡಕ್ಕೆ ಕರ್ಕೊಂಡು ಹೋಗ್ತಾರೆ. ಚಪ್ಪಟೆ ಬಾರ್ಜು, ಪಕ್ಕದಲ್ಲಿ ಅದನ್ನ ನೂಕೋ ಸಣ್ಣ ಬೋಟು, ಕೆಲವೇ ಕಾರ್ ಹಿಡಿಸುತ್ತೆ. ನಾವು ಹತ್ತಿದಾಗ ಮೇಲಿಂದ ಒಂದು ಟೋಬೋಟ್ ಸಾಲು ಸಾಲು ಬಾರ್ಜ್ ನೂಕ್ಕೊಂಡು ಬರ್ತಿತ್ತು, ಅದು ದಾಟೋವರೆಗೂ ನಮ್ಮ ಫೆರ್ರಿ ದಡದಲ್ಲೇ ಕಾಯ್ತು, ಆಮೇಲೆ ಅದ್ರ ಅಲೆಗೆ ಕಾರ್ ಕೆಳಗಿನ ಕಬ್ಬಿಣದ ತಟ್ಟೆ ಗಡಗಡ ಅಂತು. ಡೆಕ್‌ನಲ್ಲಿದ್ದ ಹುಡುಗ ಕೆಳಗಿಳಿದು ನಿಲ್ಲಿ ಪರ್ವಾಗಿಲ್ಲ ಅಂದ. ಕಂದು ನೀರು, ಅದ್ರಲ್ಲಿ ಬೇರು ಸಮೇತ ಕಿತ್ತು ಬಂದ ಒಂದು ಮರ ತಿರುಗ್ತಾ ತಿರುಗ್ತಾ ನಮ್ಮನ್ನ ದಾಟಿ ಹೋಯ್ತು, ಅದು ಹೋದ ಸ್ಪೀಡ್ ನೋಡಿ ನೀರಿನ ಸೆಳೆತ ಎಷ್ಟಿದೆ ಅಂತ ಹೆದ್ರಿಕೆ ಆಯ್ತು. ಮೇಲಿಂದ ಎಷ್ಟು ಶಾಂತವಾಗಿ ಕಾಣುತ್ತೆ ಅಂದ್ರೆ ನಂಬೋಕಾಗಲ್ಲ. ದಾಟೋಕೆ ಹತ್ತು ನಿಮಿಷನೂ ಬೇಡ, ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಆಚೆ ದಡದಲ್ಲಿ ಬಲಕ್ಕೆ ಹೋಗ್ಬೇಕಾ ಎಡಕ್ಕೆ ಹೋಗ್ಬೇಕಾ ಅಂತ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ. ಉತ್ತರಕ್ಕೆ ಹೋದ್ರೆ ಪ್ರೇರಿ ಡು ರೋಶೆ ಅನ್ನೋ 1722ರ ಹಳ್ಳಿ, ಅದ್ರ ಆಚೆ ಫೋರ್ಟ್ ಡಿ ಶಾರ್ತ್ರ್ ಅನ್ನೋ ಫ್ರೆಂಚರ ಕಲ್ಲಿನ ಕೋಟೆ, ಗೋಡೆ ಬಹುಪಾಲು ಮತ್ತೆ ಕಟ್ಟಿದ್ದು, ಸಿಡಿಮದ್ದು ಇಡ್ತಿದ್ದ ಮನೆ ಮಾತ್ರ ಹಳೇದು. ದಾರಿಯಲ್ಲಿ ಸಿಗೋ ಮೊಡಾಕ್ ಕಲ್ಲಾಸರೆಯಲ್ಲಿ (ಬಂಡೆ ಚಾಚ್ಕೊಂಡು ಸೂರಿನ ಥರ ಆಗಿರೋ ಜಾಗ) ಸಾವಿರಾರು ವರ್ಷದ ಹಿಂದೆ ಜನ ವಾಸ ಇದ್ದ ಪದರಗಳು ಸಿಕ್ಕಿವೆ. ದಕ್ಷಿಣಕ್ಕೆ ಹೋದ್ರೆ ಫೋರ್ಟ್ ಕಸ್ಕಾಸ್ಕಿಯಾ ಗುಡ್ಡ, ಬುಡದಲ್ಲಿ ಇಲಿನಾಯ್‌ನ ಮೊದಲ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಪಿಯರ್ ಮೆನಾರ್ಡ್ ಮನೆ. ನಾನಾದ್ರೆ ದಕ್ಷಿಣಕ್ಕೇ ಹೋಗಿ ಅಂತೀನಿ. ಆ ಗುಡ್ಡದ ಮೇಲಿಂದ ಕೆಳಗೆ ನೀರು ಕಾಣುತ್ತಲ್ಲ, ಅಲ್ಲಿ ಒಂದು ಊರು ಇತ್ತು.

ಆ ಊರು ಕಸ್ಕಾಸ್ಕಿಯಾ. 1818ರಿಂದ 1820ರವರೆಗೆ ಇಲಿನಾಯ್ ರಾಜ್ಯದ ಮೊದಲ ರಾಜಧಾನಿ, ಸೇಂಟ್ ಜೆನೆವೀವ್‌ಗೆ ಜನ ಬಂದಿದ್ದೂ ಬಹಳಷ್ಟು ಅಲ್ಲಿಂದಲೇ. ಸ್ಟೀಮ್‌ಬೋಟ್ ಬಾಯ್ಲರ್‌ಗೆ ಸೌದೆ ಬೇಕು ಅಂತ ದಂಡೆ ಮೇಲಿನ ಮರ ಕಡಿದು ಕಡಿದು ದಂಡೆ ಸಡಿಲ ಆಯ್ತು, ನೆರೆ ಬಂದಾಗೆಲ್ಲ ಕೊರೀತಾ ಬಂತು, ಕೊನೆಗೆ 1881ರಲ್ಲಿ ಮಿಸಿಸಿಪ್ಪಿ ಪಕ್ಕದ ಕಸ್ಕಾಸ್ಕಿಯಾ ನದಿ ಪಾತ್ರದೊಳಗೇ ನುಗ್ಗಿ ಅದನ್ನೇ ತನ್ನ ದಾರಿ ಮಾಡ್ಕೊಂಡ್ತು. ಮುಂದಿನ ವರ್ಷಗಳಲ್ಲಿ ಹಳೇ ಊರು ತುಂಡು ತುಂಡಾಗಿ ನೀರಿಗೆ ಬಿತ್ತು. ಹಳೇ ಸ್ಮಶಾನದ ಮೂಳೆಗಳನ್ನ ಎತ್ತಿ ಈ ಗುಡ್ಡದ ಮೇಲೆ ತಂದು ಹೂತ್ರು. ಉಳಿದಿದ್ದ ನೆಲ ಇಲಿನಾಯ್‌ದೇ, ಆದ್ರೆ ನದಿ ದಾರಿ ಬದ್ಲಾಯಿಸಿದ್ದಕ್ಕೆ ಮಿಸೌರಿ ಕಡೆ ಸೇರ್ಕೊಂಡ್ಬಿಡ್ತು. ಈಗ ಅಲ್ಲಿಗೆ ಹೋಗ್ಬೇಕು ಅಂದ್ರೆ ಮಿಸೌರಿಯ ಸೇಂಟ್ ಮೇರಿ ಅನ್ನೋ ಊರಿಂದ ಹಳೇ ಪಾತ್ರದ ಮೇಲಿನ ಸೇತುವೆ ದಾಟ್ಕೊಂಡೇ ಹೋಗ್ಬೇಕು. 2020ರ ಜನಗಣತಿಯಲ್ಲಿ ಅಲ್ಲಿದ್ದಿದ್ದು 21 ಜನ.

ಆದ್ರೂ ಹೋಗಿ. ಮೆಕ್ಕೆಜೋಳದ ಹೊಲದ ಮಧ್ಯೆ ಒಂದು ಇಟ್ಟಿಗೆ ಚರ್ಚು, 1893ರ ಹೊತ್ತಿಗೆ ಹಳೇ ಜಾಗದಿಂದ ಬಿಚ್ಚಿ ತಂದು ಮತ್ತೆ ಕಟ್ಟಿದ್ದು. 1993ರಲ್ಲಿ ಇಲ್ಲಿನ ಏರಿ ಒಡೆದು, ಹಳೇ ಪಾತ್ರಕ್ಕೂ ಹೊಸ ಪಾತ್ರಕ್ಕೂ ಮಧ್ಯೆ ದ್ವೀಪದ ಥರ ಉಳಿದಿರೋ ಈ ಇಡೀ ನೆಲ ಮುಳುಗ್ತು. ಪಕ್ಕದ ಸಣ್ಣ ಕಟ್ಟಡದಲ್ಲಿ ಒಂದು ಗಂಟೆ ಇದೆ, 1741ರಲ್ಲಿ ಫ್ರಾನ್ಸ್‌ನ ಲಾ ರೊಶೆಲ್‌ನಲ್ಲಿ ಎರಕ ಹೊಯ್ದಿದ್ದು, ರಾಜ ಹದಿನೈದನೇ ಲೂಯಿ ಕೊಟ್ಟಿದ್ದು ಅಂತಾರೆ, 1778ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೇನಾನಿ ಜಾರ್ಜ್ ರೋಜರ್ಸ್ ಕ್ಲಾರ್ಕ್ ಈ ಊರನ್ನ ಬ್ರಿಟಿಷರಿಂದ ಹಿಡಿದಾಗ ಇದನ್ನೇ ಬಾರಿಸಿದ್ರಂತೆ. ಈಗ ಬಿರುಕು ಬಿಟ್ಟಿದೆ. ನಾವು ಹೋದಾಗ ಬೇರೆ ಒಂದು ನರಪಿಳ್ಳೆ ಇರ್ಲಿಲ್ಲ. ಸೇಂಟ್ ಜೆನೆವೀವ್ ಯಾಕೆ ಎತ್ತರಕ್ಕೆ ಹೋಯ್ತು, ಯಾಕೆ ಏರಿ ಕಟ್ಕೊಂಡ್ತು ಅಂತ ಮಗಳಿಗೆ ನಾನೇನೂ ವಿವರಿಸಿ ಹೇಳೋ ಹಾಗೆ ಇರ್ಲಿಲ್ಲ, ಅವ್ಳೇ ಕೇಳಿದ್ಲು, ಇವ್ರೂ ಗುಡ್ಡಕ್ಕೆ ಹೋಗ್ಬಹುದಿತ್ತಲ್ವಾ ಅಮ್ಮ ಅಂತ.

ಹೋಗೋಕೆ ಒಳ್ಳೇ ಕಾಲ ಅಂದ್ರೆ ಏಪ್ರಿಲ್-ಮೇ, ಇಲ್ಲಾ ಅಕ್ಟೋಬರ್. ಜುಲೈ-ಆಗಸ್ಟ್‌ನಲ್ಲಿ ಸೆಕೆ ಜೊತೆ ಸೊಳ್ಳೆ, ಆದ್ರೆ ಆಗಸ್ಟ್‌ನಲ್ಲಿ ಊರ ಹಬ್ಬ ಇರುತ್ತೆ, ಆ ಗದ್ದಲ ಇಷ್ಟ ಇರೋರು ಆಗ್ಲೇ ಹೋಗಿ. ವಾರದ ಮೊದಲ ದಿನಗಳಲ್ಲಿ ಅರ್ಧ ಅಂಗಡಿ, ಕೆಲವು ಟೂರ್ ಇರಲ್ಲ, ಗುರುವಾರದ ಮೇಲೆ ಸೇಫು. ಸ್ಟ್ರೋಲರ್, ವೀಲ್‌ಚೇರ್ ಇದ್ರೆ ಯಾವ ಮನೆಗೆ ರ್‍ಯಾಂಪ್ ಇದೆ ಅಂತ ಫೋನ್ ಮಾಡಿ ಕೇಳ್ಕೊಂಡು ಹೋಗಿ, ಹಳೇ ಹೊಸ್ತಿಲು ಎತ್ತರ ಇರ್ತವೆ. ಫೆರ್ರಿ ವಿಷ್ಯದಲ್ಲಂತೂ ಹೊರಡೋ ದಿನ ಬೆಳಗ್ಗೆ ಚೆಕ್ ಮಾಡ್ಲೇಬೇಕು, ನೀರು ಜಾಸ್ತಿ ಏರಿದ್ರೂ ನಿಲ್ಲಿಸ್ತಾರೆ, ತುಂಬಾ ಇಳಿದ್ರೂ ನಿಲ್ಲಿಸ್ತಾರೆ, ಆಗ ಸುತ್ತು ಹಾಕ್ಕೊಂಡು ಚೆಸ್ಟರ್ ಸೇತುವೆ ಮೇಲೇ ಹೋಗ್ಬೇಕು.